ಶೃಂಗಾರಕ್ಕೂ ಒಳ್ಳೆಯ ಕೈ ಬೇಕು



ವಯಸ್ಕರಿಗಾಗಿ ಆನ್‌ಲೈನ್‌ನಲ್ಲಿ ಮಾರುವ ಚಿತ್ರ, ಧಾರಾವಾಹಿಗಳು ಇವತ್ತಿನ ವಿಷಯ ಎಂದಾಗ ಕೆಲವರಿಗೆ ಮುಜುಗರವಾಗಿರಬಹುದು. ಆದರೆ ಆ ಸರಕು ಆಗಲೇ ನಮ್ಮ ಮೊಬೈಲಿಗೆ ಬಂದಿದೆ. ಅದರ ಬಗ್ಗೆ ಊರ ನಡುವೆ ಕೂತು ಮಾತಾಡುವುದೇ ಒಳ್ಳೆಯದು. ನಾನು ಹೇಳುವುದು ಇಷ್ಟು: ಈ ವ್ಯಾಪಾರಕ್ಕೆ ಇಳಿದವರು ಮೊದಲು ದುಡ್ಡು ಹಾಕಬೇಕಾದದ್ದು ಒಳ್ಳೆಯ ಬರಹಗಾರರು, ನಿರ್ದೇಶಕರು, ಕಲಾವಿದರ ಮೇಲೆ.

ಬಾದಾಮಿಯ ಮೂರನೆಯ ಗುಹೆಗೆ ಹೋದಾಗ ಕಂಬಗಳ ಮೇಲಿನ ಚಾಚುಗಳನ್ನು ತಲೆಯೆತ್ತಿ ನೋಡಿ. ಕ್ರಿ.ಶ. 578ರಲ್ಲಿ ಚಾಲುಕ್ಯರ ಮಂಗಳೇಶ ಕೊರೆಸಿದ ಗುಹೆ ಅದು. ಮರದ ಕೆಳಗೆ ಗಂಡು ಹೆಣ್ಣು ಒಬ್ಬರಿಗೊಬ್ಬರು ಒರಗಿ ನಿಂತಿದ್ದಾರೆ. ಮೈಯ ಬಾಗು, ಹೆಗಲಿಗೇರಿದ ಕೈ, ಅರ್ಧ ಮುಚ್ಚಿದಂತಿರುವ ಕಣ್ಣು, ಎಲ್ಲದರಲ್ಲೂ ಬಯಕೆ ಇದೆ. ಹಾಗಿದ್ದೂ ಮಕ್ಕಳನ್ನು ಕರೆದುಕೊಂಡು ಬಂದ ತಾಯಿ ಅಲ್ಲಿ ಮುಖ ತಿರುಗಿಸುವುದಿಲ್ಲ. ಬಯಕೆಯ ಜೊತೆಗೆ ಅಲ್ಲಿ ಸಲುಗೆಯೂ ಮರ್ಯಾದೆಯೂ ಇವೆ. ಅದು ಕಲ್ಲಿನ ಗುಣವಲ್ಲ, ಉಳಿ ಹಿಡಿದವನ ಕೈಗುಣ.

ಆ ಕೈಗೆ ಬೆಲೆ ಕೊಟ್ಟವರೂ ನಮ್ಮ ನೆಲದಲ್ಲೇ ಇದ್ದರು. ಚಾಲುಕ್ಯ ಅರಸ ಎರಡನೆಯ ವಿಕ್ರಮಾದಿತ್ಯ ಮೂರು ಸಲ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯೇ ಇಂದಿನ ವಿರೂಪಾಕ್ಷ ದೇವಾಲಯ. ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಿಕ್ಕಿತು. ಅದನ್ನು ಗುಡಿಯ ಶಾಸನದಲ್ಲೇ ಕೆತ್ತಿಸಿದರು. ಅದೇ ರಾಣಿ, ಗಾಯಕರಿಗೆ ಹಿಂದಿನ ಅರಸ ವಿಜಯಾದಿತ್ಯ ಕೊಟ್ಟಿದ್ದ ಹಕ್ಕನ್ನು ಮತ್ತೆ ಸ್ಥಿರಪಡಿಸಿದಳು. ಮಾಡಿದವನಿಗೆ ಹೆಸರು, ಮಾನ, ಬದುಕಿಗೆ ಆಸರೆ ಮೂರೂ ಸಿಕ್ಕ ಕಡೆ ಕೆಲಸ ಸಾವಿರ ವರ್ಷ ಮೀರಿ ನಿಂತಿದೆ. ಕಾಮಶಾಸ್ತ್ರವನ್ನು ಕನ್ನಡಕ್ಕೆ ತಂದ ಚಂದ್ರರಾಜನ ‘ಮದನತಿಲಕ’ ಕೂಡ ಹನ್ನೊಂದನೆಯ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಆಶ್ರಯದ ವಾತಾವರಣದಲ್ಲೇ ಹುಟ್ಟಿತು.

ಇವತ್ತಿನ ವ್ಯಾಪಾರ ಇದಕ್ಕೆ ಬೆನ್ನು ಮಾಡಿದೆ. ಯಾರೋ ಹಾಕಿದ ವಿಡಿಯೋಗಳನ್ನು ಒಪ್ಪಿಗೆ ಕೇಳದೆ ರಾಶಿ ಹಾಕಿಕೊಂಡಿದ್ದ ಪೋರ್ನ್‌ಹಬ್‌ಗೆ 2020ರ ಡಿಸೆಂಬರಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್‌ಗಳು ಪಾವತಿಯ ಬಾಗಿಲು ಹಾಕಿದವು. ಗುರುತು ಖಾತ್ರಿಯಿಲ್ಲದ ಲಕ್ಷಾಂತರ ವಿಡಿಯೋಗಳನ್ನು ಅದು ತಾನೇ ತೆಗೆದುಹಾಕಬೇಕಾಯಿತು. ನಮ್ಮಲ್ಲಿ 2024ರ ಮಾರ್ಚ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಇಲಾಖೆ 18 ಒಟಿಟಿ ವೇದಿಕೆಗಳನ್ನು ನಿರ್ಬಂಧಿಸಿತು. ಅವು ಅಶ್ಲೀಲ, ಹೆಣ್ಣನ್ನು ಹೀಗಳೆಯುತ್ತವೆ, ಕತೆಗೂ ಸಮಾಜಕ್ಕೂ ಸಂಬಂಧವಿಲ್ಲದ ದೃಶ್ಯಗಳನ್ನು ತುಂಬುತ್ತವೆ ಎಂಬುದು ಇಲಾಖೆಯ ಆಕ್ಷೇಪ. 2025ರ ಜುಲೈನಲ್ಲಿ ಮತ್ತೆ 25ಕ್ಕೆ ಬೀಗ ಬಿತ್ತು. ಅಗ್ಗದಲ್ಲಿ ಮಾಡಿದ್ದು ವ್ಯಾಪಾರಿಗೆ ತುಟ್ಟಿಯಾಯಿತು.

ಕಾನೂನಿನ ಗೆರೆ ಎಲ್ಲರೂ ತಿಳಿದಿರಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಂ ಪ್ರಕಾರ, ಲೈಂಗಿಕ ಕ್ರಿಯೆಯನ್ನು ನೇರವಾಗಿ ತೋರಿಸುವ ದೃಶ್ಯವನ್ನು ಆನ್‌ಲೈನ್‌ನಲ್ಲಿ ಹರಡಿದರೆ ಮೊದಲ ಸಲವೇ ಐದು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಆದರೆ ಗಂಡ ಹೆಂಡಿರ ನಡುವಿನ ಒಲವು, ಒಂಟಿತನ, ವಿಧವೆಯ ಬಯಕೆ, ಮುಪ್ಪಿನ ಸಾಂಗತ್ಯ ಇವನ್ನು ಹೇಳಲು ಕಾನೂನು ಅಡ್ಡ ಬರುವುದಿಲ್ಲ. ಅದೇ ಕಾಯ್ದೆಯಡಿಯ 2021ರ ನಿಯಮಗಳಲ್ಲಿ ಒಟಿಟಿಗೆ ವಯಸ್ಕರಿಗೆಂದೇ ‘ಎ’ ದರ್ಜೆ ಇದೆ. ಓದುಗರೂ ಅಡ್ಡ ಬರುವುದಿಲ್ಲ. ಅನುಪಮಾ ನಿರಂಜನ ವೈದ್ಯೆಯಾಗಿ, ಲೇಖಕಿಯಾಗಿ ‘ದಾಂಪತ್ಯ ದೀಪಿಕೆ’ ಬರೆದರು. ಬಲ್ಲವರು ಬರೆದರೆ ಕನ್ನಡದ ಓದುಗ ಇಂಥದ್ದನ್ನು ಮನೆಯೊಳಗೆ ಬರಮಾಡಿಕೊಳ್ಳುತ್ತಾನೆ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಕತೆ ಬರೆಯುವವರಿಗೆ ಸಮಯ ಮತ್ತು ಸಂಭಾವನೆ ಕೊಡಲು. ಯಾವ ದೃಶ್ಯ, ಎಷ್ಟರವರೆಗೆ ಎಂದು ಕಲಾವಿದೆಯ ಜೊತೆ ಮೊದಲೇ ಬರೆದುಕೊಳ್ಳುವ ಕರಾರಿಗೆ. ಬೇಡ ಎಂದಾಗ ಚಿತ್ರೀಕರಣ ನಿಲ್ಲಿಸುವ ವ್ಯವಸ್ಥೆಗೆ. 2022ರ ಹಿಂದಿ ಚಿತ್ರ ‘ಗೆಹರಾಯಿಯಾಂ’ದಲ್ಲಿ ಆಪ್ತ ದೃಶ್ಯಗಳಿಗೆಂದೇ ಬೇರೆ ನಿರ್ದೇಶಕಿ ಇದ್ದರು. ಕನ್ನಡದಲ್ಲೂ ಅದು ರೂಢಿಯಾಗಲಿ.

ಬಿಟ್ಟಿ ಸಿಗುವ ಸರಕು ಇಷ್ಟಿರುವಾಗ ನೋಡುಗ ದುಡ್ಡು ಕೊಟ್ಟು ಮತ್ತೆ ಬರುವುದು, ತನ್ನ ಭಾಷೆಯಲ್ಲಿ ತನ್ನ ಬದುಕನ್ನು ನಂಬುವಂತೆ ಹೇಳಿದ ಕತೆಗೆ. ನಮ್ಮದೂ ಒಂದು ಹೊಣೆ ಇದೆ. ಬರೆದವರ, ನಿರ್ದೇಶಿಸಿದವರ ಹೆಸರು ಹಾಕಲು ಅಂಜುವ ಸರಕಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹೆಸರು ಹಾಕಿ, ಕೂಲಿ ಕೊಟ್ಟು, ಮಾನ ಕಾದು ಮಾಡಿದ ಕೆಲಸಕ್ಕೆ ಸಂಕೋಚವಿಲ್ಲದೆ ಬೆಲೆ ಕೊಡಿ.