ಯಾವುದನ್ನು ಕಳೆ ಎನ್ನೋಣ?



ಈ ಸಭೆಯ ಆಹ್ವಾನ ಪತ್ರಿಕೆಯಲ್ಲಿ ‘ಸ್ಪರ್ಧಿ ಸಸ್ಯಗಳ ನಿರ್ವಹಣೆ’ ಎಂಬ ಮಾತಿದೆ. ಮೂವತ್ತು ವರ್ಷಗಳಿಂದ ನನ್ನನ್ನು ಕಾಡುತ್ತಿರುವ ಮಾತು ಅದು. ನನ್ನ ದುಡಿಮೆಯ ಬಹುಪಾಲು ಸಂದದ್ದು ಅಮೆರಿಕದ ಆಗ್ನೇಯ ರಾಜ್ಯಗಳ ಲಾಂಗ್‌ಲೀಫ್ ಪೈನ್ ಕಾಡಿನಲ್ಲಿ. ಅಲ್ಲಿಂದಲೇ ಶುರುಮಾಡುತ್ತೇನೆ.

ವರ್ಜೀನಿಯಾದಿಂದ ಟೆಕ್ಸಾಸ್‌ವರೆಗೆ ಸುಮಾರು 9 ಕೋಟಿ ಎಕರೆ ಹರಡಿದ್ದ ಕಾಡು ಅದು. ರಾಳಕ್ಕೆಂದು ಗೀರಿದರು, ತೊಲೆಗೆಂದು ಕಡಿದರು, ಉತ್ತು ಹೊಲ ಮಾಡಿದರು. 1990ರ ದಶಕದ ಹೊತ್ತಿಗೆ 30 ಲಕ್ಷ ಎಕರೆಯಷ್ಟು ಉಳಿದಿತ್ತು. ಕಡಿದದ್ದು ಕಣ್ಣಿಗೆ ಕಾಣುತ್ತದೆ. ಬೆಂಕಿ ನಿಲ್ಲಿಸಿದ್ದು ಕಾಣುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಸಿಡಿಲಿನಿಂದಲೋ ಮೂಲನಿವಾಸಿಗಳ ಕೈಯಿಂದಲೋ ಅಲ್ಲಿ ನೆಲಮಟ್ಟದ ಬೆಂಕಿ ಹರಿಯುತ್ತಿತ್ತು. 1920ರ ದಶಕದ ಕೊನೆಗೆ ಅರಣ್ಯ ಪ್ರಚಾರಕರು ಲಾರಿಗಳಲ್ಲಿ ಸಿನಿಮಾ ಯಂತ್ರ ಹೇರಿಕೊಂಡು ಊರೂರಿಗೆ ಹೋಗಿ, ಕಾಡಿಗೆ ಬೆಂಕಿ ಇಡುವುದು ಪಾಪವೆಂದು ಸಾರಿದರು. ಲಾವಕ್ಕಿಗಳ ಬೆನ್ನು ಹತ್ತಿದ್ದ ಹರ್ಬರ್ಟ್ ಸ್ಟಾಡರ್ಡ್ 1931ರಲ್ಲಿ, ಯೇಲ್‌ನ ಎಚ್. ಎಚ್. ಚಾಪ್ಮನ್ 1932ರಲ್ಲಿ ಬೆಂಕಿಯ ಪರವಾಗಿ ಬರೆದರು. ಕೇಳಿದವರು ಕಡಿಮೆ. 

ಈ ಪೈನಿನ ಸಸಿಯನ್ನು ಮೊದಲ ಸಲ ನೋಡಿದವರು ಹುಲ್ಲಿನ ಗುಚ್ಛ ಅಂದುಕೊಳ್ಳುತ್ತಾರೆ. ವರ್ಷಗಟ್ಟಲೆ ಅದು ಮೇಲೇಳುವುದಿಲ್ಲ. ಬೇರು ಇಳಿಸುತ್ತ ಕೂತಿರುತ್ತದೆ. ಬುಡ ಒಂದು ಅಂಗುಲ ದಪ್ಪವಾದ ಮೇಲೆ ಒಮ್ಮೆಲೇ ಚಿಮ್ಮುತ್ತದೆ. ಅಲ್ಲಿಯವರೆಗೆ ಉದ್ದನೆಯ ಸೂಜಿ ಎಲೆಗಳು ಸುಳಿಯನ್ನು ಸುತ್ತಿ ಬೆಂಕಿಯಿಂದ ಕಾಯುತ್ತವೆ. ಎಲೆಗೆ ಕಂದುಚುಕ್ಕೆ ರೋಗ ಹತ್ತಿದರೆ, ರೋಗದ ಎಲೆಯನ್ನು ಸುಟ್ಟು ಸಸಿಯನ್ನು ಉಳಿಸುವುದೂ ಅದೇ ಬೆಂಕಿ.

ಸಸಿಯ ಪಕ್ಕದಲ್ಲಿ ಬೆಳೆಯುವುದು ವೈರ್‌ಗ್ರಾಸ್, ತಂತಿಯಂಥ ಹುಲ್ಲು. ಮರಳು ನೆಲದ ನೀರಿಗೆ ಇಬ್ಬರೂ ಬಾಯಿ ಹಾಕುತ್ತಾರೆ. ಅಳತೆಪಟ್ಟಿ ಹಿಡಿದು ಹೋದವನಿಗೆ ಹುಲ್ಲು ಶತ್ರುವಾಗಿಯೇ ಕಾಣುತ್ತದೆ. ಎಳೆಯ ಸಂಶೋಧಕನಾಗಿದ್ದ ನನಗೂ ಹಾಗೆಯೇ ಕಂಡಿತು. ದಕ್ಷಿಣ ಜಾರ್ಜಿಯಾದ ಒಂದು ತಾಕಿನಲ್ಲಿ ಕಳೆನಾಶಕ ಹೊಡೆದು ನೆಲ ಬೋಳು ಮಾಡಿದೆ. ಪಕ್ಕದ ತಾಕಿನ ಸಸಿಗಳು ಇನ್ನೂ ಕೂತಿದ್ದಾಗ ನನ್ನವು ಎದ್ದು ನಿಂತವು. ಬಂದವರೆಲ್ಲ ಫೋಟೊ ತೆಗೆದುಕೊಂಡರು. ಆರು ವರ್ಷದ ನಂತರ ಉರಿಯುವ ಎಣ್ಣೆ ತೊಟ್ಟಿಕ್ಕಿಸುವ ಡ್ರಿಪ್ ಟಾರ್ಚ್ ಹಿಡಿದು ಬೆಂಕಿ ಇಡಲು ಹೋದೆವು. ಹತ್ತು ಹೆಜ್ಜೆ ಹೋಗಿ ಬೆಂಕಿ ಆರಿತು. ಮತ್ತೆ ಹಚ್ಚಿದೆವು, ಮತ್ತೆ ಆರಿತು. ಹೊತ್ತೊಯ್ಯಲು ಹುಲ್ಲೇ ಇರಲಿಲ್ಲ. ಬೆಂಕಿ ಇಲ್ಲದ ಕಡೆ ನುಗ್ಗಿ ಪೈನನ್ನು ಮುಚ್ಚುವ ಸ್ವೀಟ್‌ಗಮ್ ಮರ ಆಗಲೇ ಸೊಂಟದೆತ್ತರ ಬಂದಿತ್ತು. ಅಂದು ನನ್ನ ಜೊತೆಗಿದ್ದದ್ದು, ಹುಡುಗನಾಗಿದ್ದಾಗಿನಿಂದ ಕಾಡು ಸುಡುತ್ತ ಬಂದ ಒಬ್ಬ ಮುದುಕ. ಏನೂ ಹೇಳಲಿಲ್ಲ. ಬೋಳು ನೆಲವನ್ನು ಬೂಟಿನ ತುದಿಯಿಂದ ಕೆದಕಿ ಜೀಪಿನ ಕಡೆ ನಡೆದ.

ನಮ್ಮ ಶಾಸ್ತ್ರ ದಾರಿ ತಪ್ಪಿದ್ದು ಇಲ್ಲಿಯೇ ಎಂದು ಅಂದಿನಿಂದ ನಂಬಿದ್ದೇನೆ. ಸ್ಪರ್ಧೆಯನ್ನು ಎರಡು ಮೂರು ವರ್ಷದ ಎತ್ತರದಲ್ಲಿ ಅಳೆದೆವು. ಎರಡನೆಯ ವರ್ಷ ಸಸಿಯ ನೀರು ಕುಡಿದ ಹುಲ್ಲೇ ಐದನೆಯ ವರ್ಷ ಬೆಂಕಿಯನ್ನು ಹೊತ್ತುತಂದು ಸ್ವೀಟ್‌ಗಮ್ ಸುಡುತ್ತದೆ. ಹಾಗಾದರೆ ಅದು ಕಳೆಯೋ, ಕಾವಲೋ? ನಮ್ಮ ಭಾಷೆಯಲ್ಲಿ ಕಳೆ ಎಂದರೆ ಕೀಳಬೇಕಾದ ಗಿಡ. ಮುಖಕ್ಕೆ, ಮನೆಗೆ ಬರುವ ಕಾಂತಿಯೂ ಕಳೆಯೇ. ಒಳ್ಳೆಯ ಲಾಂಗ್‌ಲೀಫ್ ಕಾಡಿನ ಒಂದು ಚದರ ಮೀಟರಿನಲ್ಲಿ 40ಕ್ಕೂ ಹೆಚ್ಚು ಜಾತಿಯ ಗಿಡಗಳು ಸಿಗುವುದುಂಟು. ಆ ಕಾಡಿನ ಕಳೆ ಇರುವುದು ಮರದ ತುದಿಯಲ್ಲಲ್ಲ, ನೆಲದಲ್ಲಿ. ಒಮ್ಮೆ ಉತ್ತರೆ ವೈರ್‌ಗ್ರಾಸ್ ತಾನಾಗಿ ಮರಳುವುದು ಅಪರೂಪ. ಚಳಿಗಾಲದಲ್ಲಿ ಸುಟ್ಟರೆ ಅದು ಸರಿಯಾಗಿ ಹೂ ಬಿಡುವುದೂ ಇಲ್ಲ. ಮೇ, ಜೂನಿನ ಸಿಡಿಲಿನ ಕಾಲದಲ್ಲೇ ಸುಡಬೇಕು.

ಕಳೆನಾಶಕವೇ ಬೇಡ ಎನ್ನುತ್ತಿಲ್ಲ. ತೋಳು ದಪ್ಪ ಬೆಳೆದ ಸ್ವೀಟ್‌ಗಮ್ ಬೆಂಕಿಗೆ ಬಗ್ಗುವುದಿಲ್ಲ, ಸುಟ್ಟರೆ ಬುಡದಿಂದ ಚಿಗುರುತ್ತದೆ. ಈ ಬಗ್ಗೆ ನಾಳೆ ಮಾತಾಡಲಿರುವ ಗೆಳೆಯರು ನನಗಿಂತ ಚೆನ್ನಾಗಿ ಬಲ್ಲರು. ಅವರ ಒಂದು ಪ್ರಬಂಧವೇ ನನ್ನ ಕೈಯಿಂದ ಕಳೆನಾಶಕದ ಪಂಪು ಕೆಳಗಿಡಿಸಿತು. ಈ ಸಭೆಯಲ್ಲಿ ಅವರಿಗೆ ನಮಸ್ಕಾರ ಹೇಳಬೇಕು.

ನನ್ನನ್ನು ಬಿಡದ ಪ್ರಶ್ನೆ ಇನ್ನೊಂದಿದೆ. ಬೆಂಕಿ ತಪ್ಪಿ ಐವತ್ತು ವರ್ಷವಾದ ಕಾಡಿಗೆ ಅದನ್ನು ಮರಳಿ ಕರೆಯುವುದು ಹೇಗೆ? ಹಳೆಯ ಪೈನಿನ ಬುಡದಲ್ಲಿ ಅಷ್ಟು ಕಾಲದ ಸೂಜಿ ಎಲೆ ಕೊಳೆತು ದಪ್ಪಗೆ ಕೂತಿರುತ್ತದೆ. ಬೆಂಕಿ ಇಟ್ಟರೆ ಅದು ಉರಿಯುವುದಿಲ್ಲ, ಕುಮುಲುತ್ತದೆ. ಅದರೊಳಗೆ ಹಬ್ಬಿದ ಸಣ್ಣ ಬೇರುಗಳು ಬೆಂದು, ನೂರು ಬೆಂಕಿ ಕಂಡ ಮರ ನೂರೊಂದನೆಯದಕ್ಕೆ ಸಾಯುತ್ತದೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ನನಗೆ ಕಂಡದ್ದೂ ಇದೇ ಗಂಟು. ಅಲ್ಲಿನ ಮೂಲನಿವಾಸಿ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ತರಗು ಬೆಂಕಿ ಇಡುತ್ತಿದ್ದರು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ನಿಂತಿತು. ಲಂಟಾನ ಹಬ್ಬಿದ್ದು ಆಮೇಲೆ ಎಂದು ಅವರು ಹೇಳುತ್ತಲೇ ಬಂದಿದ್ದಾರೆ. 1997 ಮತ್ತು 2008ರ ಅಳತೆಗಳನ್ನು ಹೋಲಿಸಿದರೆ ಲಂಟಾನ ಸಿಕ್ಕ ತಾಕುಗಳು ಸುಮಾರು ದುಪ್ಪಟ್ಟು. ಇಂದು ಅದೇ ಬೆಂಕಿ ಇಟ್ಟರೆ ಲಂಟಾನದ ಪೊದೆ ಏರಿ ಮರದ ನೆತ್ತಿ ಮುಟ್ಟುತ್ತದೆ. ಸುಟ್ಟ ಲಂಟಾನವೂ ಬುಡದಿಂದ ಚಿಗುರುತ್ತದೆ. ಮೊದಲು ಎಷ್ಟು ಕೀಳಬೇಕು, ಹುಲ್ಲು ಎಷ್ಟು ಬಂದ ಮೇಲೆ ಕಡ್ಡಿ ಗೀರಬೇಕು? ನನ್ನಲ್ಲಿ ಉತ್ತರವಿಲ್ಲ.

ಮೂರನೆಯ ಸಾಲಿನಲ್ಲಿ ಬೆಟ್ಟದಿಂದ ಬಂದ ಸೋಲಿಗ ಹಿರಿಯರು ಕೂತಿದ್ದಾರೆ. ಕಾರ್ಯಕ್ರಮ ಪಟ್ಟಿಯಲ್ಲಿ ಅವರ ಮಾತು ನಾಳೆ ಸಂಜೆ ಸಮಾರೋಪಕ್ಕೆ ಮೊದಲು ಹತ್ತು ನಿಮಿಷ ಎಂದಿದೆ. ಅಧ್ಯಕ್ಷರು ಅನುಮತಿ ಕೊಟ್ಟರೆ, ನನಗೆ ಉಳಿದಿರುವ ಕಾಲು ಗಂಟೆಯನ್ನು ಈಗಲೇ ಅವರಿಗೆ ಬಿಟ್ಟುಕೊಡುತ್ತೇನೆ. ಅಜ್ಜ, ಬನ್ನಿ.