ಅಶ್ವಶಕ್ತಿ ಮತ್ತು ಸಾರಥಿ

(ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಸಾರ)



ಕಾರಿನ ವಿಷಯ ಬಂದರೆ ನಿಮ್ಮ ತಂದೆಯವರು ‘ಮೈಲೇಜ್ ಎಷ್ಟು?’ ಎಂದು ಕೇಳುತ್ತಾರೆ. ನೀವು ಕೇಳುವುದು ‘ಎಷ್ಟು ಹಾರ್ಸ್‌ಪವರ್?’ ಎಂದು. ಈ ಅಶ್ವಶಕ್ತಿಯ ಅಳತೆಯನ್ನು ಬಳಕೆಗೆ ತಂದವನು ಜೇಮ್ಸ್ ವಾಟ್. ತನ್ನ ಉಗಿಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡಬಲ್ಲದು ಎಂದು ಗಿರಾಕಿಗಳಿಗೆ ತಿಳಿಸುವುದು ಅವನ ಉದ್ದೇಶವಾಗಿತ್ತು. ಆ ಅಳತೆ ಕುದುರೆಗಳ ಲೆಕ್ಕ ಕೊಡುತ್ತದೆ, ಸಾರಥಿಯ ಸುದ್ದಿ ಹೇಳುವುದಿಲ್ಲ. ಸಾರಥಿಯ ಬೆಲೆ ಕರ್ಣನಿಗೆ ಗೊತ್ತಿತ್ತು. ಅರ್ಜುನನಿಗೆ ಕೃಷ್ಣನಿದ್ದಾನೆಂದೇ ಅವನು ಶಲ್ಯನನ್ನು ಕೇಳಿದ್ದು.

ಇದಕ್ಕೆ ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನವೆಂದರೆ 1961ರ ಮೊನಾಕೊ ಗ್ರ್ಯಾನ್ ಪ್ರಿ. ಆ ವರ್ಷ ಫಾರ್ಮುಲಾ ಒನ್ ಎಂಜಿನ್‌ಗಳ ಗಾತ್ರವನ್ನು ಒಂದೂವರೆ ಲೀಟರಿಗೆ ಇಳಿಸಲಾಗಿತ್ತು. ಇಟಲಿಯ ಫೆರಾರಿ ಮುಂಚೆಯೇ ಸಿದ್ಧವಾಗಿ ಆರು ಸಿಲಿಂಡರಿನ ಎಂಜಿನ್ ತಂದಿತು. ಅದರ ಶಕ್ತಿ ಸುಮಾರು 180ರಿಂದ 190 ಅಶ್ವಶಕ್ತಿ. ಹೊಸ ನಿಯಮವನ್ನು ವಿರೋಧಿಸುತ್ತ ಕಾಲ ಕಳೆದ ಇಂಗ್ಲಿಷರ ಬಳಿ ಇದ್ದುದು ನಾಲ್ಕು ಸಿಲಿಂಡರಿನ ಕ್ಲೈಮ್ಯಾಕ್ಸ್ ಎಂಜಿನ್. ಅದರ ಶಕ್ತಿ ಸುಮಾರು 150. ಸ್ಟರ್ಲಿಂಗ್ ಮಾಸ್ ಓಡಿಸಿದ್ದು ಈ ಎಂಜಿನ್ನಿನ, ಹಿಂದಿನ ವರ್ಷದ ಮಾದರಿಯ ಲೋಟಸ್ ಕಾರನ್ನು. ಸೆಕೆ ತಡೆಯಲು ಕಾರಿನ ಪಕ್ಕದ ತಗಡುಗಳನ್ನೇ ತೆಗೆಸಿಹಾಕಿದ್ದ.

ಮೊನಾಕೊ ಊರಿನ ಬೀದಿಗಳಲ್ಲೇ ನಡೆಯುವ ಸ್ಪರ್ಧೆ. ಎಲ್ಲೆಲ್ಲೂ ತಿರುವು. ತಿರುವಿನಲ್ಲಿ ಎಷ್ಟು ವೇಗವಾಗಿ ಹೋಗಬಹುದು ಎಂಬುದನ್ನು ನಿರ್ಧರಿಸುವುದು ಟೈರಿಗೂ ರಸ್ತೆಗೂ ಇರುವ ಹಿಡಿತ, ಎಂಜಿನ್ನಿನ ಬಲವಲ್ಲ. ಆ ಹಿಡಿತದ ಅಂಚನ್ನು ತಲುಪಬೇಕು, ದಾಟಬಾರದು. ಮಾಸ್ ಹದಿನಾಲ್ಕನೆಯ ಸುತ್ತಿನಲ್ಲಿ ಮುಂದೆ ಬಂದ. ಮೂರು ಫೆರಾರಿಗಳು ಬೆನ್ನಟ್ಟಿದವು. ನೂರು ಸುತ್ತು, ಎರಡೂಮುಕ್ಕಾಲು ಗಂಟೆ. ಕೊನೆಗೆ ರಿಚಿ ಗಿಂಥರ್‌ನ ಫೆರಾರಿಗಿಂತ 3.6 ಸೆಕೆಂಡು ಮುಂದಾಗಿ ಮಾಸ್ ಗೆದ್ದ. ಅರ್ಹತಾ ಸುತ್ತಿನಲ್ಲಿ ಅವನ ಅತ್ಯುತ್ತಮ ಸಮಯ 1 ನಿಮಿಷ 39.1 ಸೆಕೆಂಡು, ಓಟದ ನೂರು ಸುತ್ತುಗಳ ಸರಾಸರಿ 1 ನಿಮಿಷ 39.5 ಸೆಕೆಂಡು. ಎಂದರೆ ಒಮ್ಮೆ ಮಾತ್ರ ಸಾಧ್ಯವಾಗುವಂಥದ್ದನ್ನು ಹೆಚ್ಚುಕಡಿಮೆ ನೂರು ಸಲ ಮಾಡಿದ್ದ.

ಹಾಗಾದರೆ ಅಶ್ವಶಕ್ತಿಗೆ ಬೆಲೆಯೇ ಇಲ್ಲವೇ? ಇದೆ. ಮುಂದಿನ ತಿಂಗಳು ಬೆಲ್ಜಿಯಮ್ಮಿನ ಸ್ಪಾದಲ್ಲಿ, ಉದ್ದನೆಯ ವೇಗದ ರಸ್ತೆಯಲ್ಲಿ, ಮೊದಲ ನಾಲ್ಕೂ ಸ್ಥಾನ ಫೆರಾರಿಗೇ ಹೋದವು. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಫೆರಾರಿಯ ಫಿಲ್ ಹಿಲ್‌ಗೆ. ಮಾಸ್‌ಗೆ ಆ ಪಟ್ಟ ಎಂದೂ ಸಿಗಲಿಲ್ಲ. ನೇರ ರಸ್ತೆಯಲ್ಲಿ ಶಕ್ತಿ ಗೆಲ್ಲುತ್ತದೆ. ತಿರುವಿನಲ್ಲಿ, ಮಳೆಯಲ್ಲಿ ಕೈಚಳಕ. ಅದೇ ಆಗಸ್ಟಿನಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಮಾಸ್ ಮತ್ತೆ ಫೆರಾರಿಗಳನ್ನು ಸೋಲಿಸಿದ.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. 1962ರ ಏಪ್ರಿಲ್‌ನಲ್ಲಿ ಗುಡ್‌ವುಡ್‌ನಲ್ಲಿ ಮಾಸ್‌ನ ಕಾರು ದಿಬ್ಬಕ್ಕೆ ಅಪ್ಪಳಿಸಿತು. ವಾರಗಟ್ಟಲೆ ಪ್ರಜ್ಞೆಯಿರಲಿಲ್ಲ. ಮರುವರ್ಷ ಕಾರು ಹತ್ತಿ ನೋಡಿದ. ಮೊದಲು ತಾನಾಗಿ ಆಗುತ್ತಿದ್ದುದನ್ನು ಈಗ ಯೋಚಿಸಿ ಮಾಡಬೇಕಾಗಿದೆ ಎನಿಸಿತು. ನಿವೃತ್ತನಾದ. ಆಗಿನ್ನೂ ಅವನಿಗೆ 33 ವರ್ಷ. ತನ್ನ ಮಿತಿಯನ್ನು ತಾನೇ ಗುರುತಿಸಿದ್ದರಿಂದಲೇ ಅವನು 2020ರವರೆಗೆ, ತೊಂಬತ್ತು ವರ್ಷ, ಬಾಳಿದ ಎಂದು ನನಗೆ ತೋರುತ್ತದೆ.

ಈಗ ನಮ್ಮ ಹೆದ್ದಾರಿಗೆ ಬನ್ನಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ವೇಗ ಎರಡರಷ್ಟಾದರೆ, ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ಹೆಚ್ಚು ಅಶ್ವಶಕ್ತಿಯ ಕಾರು ಆ ವೇಗಕ್ಕೆ ಬೇಗ ಒಯ್ಯಬಲ್ಲದು, ಅಷ್ಟೇ. ಮಾಸ್‌ನ ದಾರಿಯಲ್ಲಿ ಎದುರಿನಿಂದ ಲಾರಿ ಬರುತ್ತಿರಲಿಲ್ಲ. ಹಿಂದಿನ ದೀಪವಿಲ್ಲದ ಟ್ರಾಕ್ಟರ್ ಇರಲಿಲ್ಲ. ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟುತ್ತಿರಲಿಲ್ಲ. ಇಲ್ಲಿ ಅವೆಲ್ಲ ಇವೆ. ಆದ್ದರಿಂದ ನಮ್ಮ ರಸ್ತೆಯಲ್ಲಿ ಕೌಶಲವೆಂದರೆ ಮುಂದಾಗುವುದನ್ನು ಮೊದಲೇ ಊಹಿಸಿ ಕಾಲನ್ನು ಹಿಂತೆಗೆಯುವುದು.

ಇಂಗ್ಲೆಂಡಿನ ಪೊಲೀಸರು ವೇಗವಾಗಿ ಬಂದವರನ್ನು ತಡೆದು ‘ನೀನೇನು ಸ್ಟರ್ಲಿಂಗ್ ಮಾಸ್ ಅಂದುಕೊಂಡಿದ್ದೀಯಾ?’ ಎಂದು ಗದರಿಸುತ್ತಿದ್ದರಂತೆ. ಮುಂದಿನ ಸಲ ನೇರ ರಸ್ತೆ ಕಂಡು ಕಾಲು ತುರಿಸಿದಾಗ ಈ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ಪೊಲೀಸರು ಕೇಳುವವರೆಗೆ ಕಾಯಬೇಡಿ.