ಊರಿಗೆಲ್ಲ ಒಂದೇ ಬಚ್ಚಲು

ಮೈಗೆ ಎಣ್ಣೆ ಹಚ್ಚಿಕೊಂಡು, ಹಂಡೆಯ ಬಿಸಿನೀರನ್ನು ತಂಬಿಗೆ ತಂಬಿಗೆಯಾಗಿ ಹುಯ್ಯಿಸಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಹೊರಬಂದವರಿಗೆ ಸ್ನಾನದ ಸುಖವೇನೆಂಬುದನ್ನು ಹೇಳಿಕೊಡಬೇಕಾಗಿಲ್ಲ. ದೀಪಾವಳಿಯಲ್ಲಿ ಹಂಡೆ ಬೆಳಗಿ ನೀರು ತುಂಬುವುದನ್ನೇ ಒಂದು ಹಬ್ಬವಾಗಿ ಮಾಡಿಕೊಂಡ ಜನ ನಾವು. ಆದರೆ ನಮ್ಮ ಸ್ನಾನವೆಂದರೆ ಅವರವರ ಮನೆಯ ಬಚ್ಚಲಿನ ಬಾಗಿಲಿನೊಳಗೆ ಮುಗಿಯುವ ಸಂಗತಿ. ಒಂದು ಊರಿಗೆ ಊರೇ ಒಂದು ಬಚ್ಚಲುಮನೆಯಾಗಿದ್ದರೆ ಹೇಗಿರುತ್ತದೆ? ಅಂಥ ಒಂದು ಊರಿಗೆ ಇಂದು ತಮ್ಮನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ.

ಆ ಊರಿನ ಹೆಸರು ಕಿನೊಸಾಕಿ. ಜಪಾನಿನ ಹ್ಯೋಗೊ ಪ್ರಾಂತದ ಉತ್ತರದ ಅಂಚಿನಲ್ಲಿ, ಜಪಾನ್ ಸಮುದ್ರದ ದಂಡೆಗೆ ಕೆಲವೇ ಮೈಲಿಗಳ ದೂರದಲ್ಲಿದೆ. ಕ್ಯೋಟೋ ನಗರದಿಂದ ವೇಗದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ಪ್ರಯಾಣ. ಗದ್ದೆ, ಗುಡ್ಡ, ಮತ್ತೆ ಗದ್ದೆ. ಕೊನೆಗೆ ಮಾರುಯಾಮಾ ಎಂಬ ಅಗಲವಾದ ನದಿ ಪಕ್ಕಕ್ಕೆ ಬಂದು ಸೇರಿಕೊಳ್ಳುತ್ತದೆ. ಅದು ಸಮುದ್ರವನ್ನು ಸೇರುವ ಆತುರವಿಲ್ಲದೆ ಕೆರೆಯಂತೆ ನಿಂತು ಹರಿಯುತ್ತಿರುತ್ತದೆ. ಇಳಿಯಬೇಕಾದ ನಿಲ್ದಾಣ ಹತ್ತಿರವಾಯಿತೆಂದು ಅದರಿಂದಲೇ ತಿಳಿಯಬಹುದು.

ಕಿನೊಸಾಕಿಯ ಜನ ತಮ್ಮ ಊರಿನ ಬಗ್ಗೆ ಒಂದು ಮಾತು ಹೇಳುತ್ತಾರೆ. ಊರೆಲ್ಲ ಸೇರಿ ಒಂದೇ ಛತ್ರವಂತೆ. ರೈಲು ನಿಲ್ದಾಣವೇ ಅದರ ಹೆಬ್ಬಾಗಿಲು, ಬೀದಿಗಳೇ ಮೊಗಸಾಲೆ, ಬೀದಿಯ ಎರಡೂ ಕಡೆಗಿರುವ ವಸತಿಗೃಹಗಳೇ ಕೋಣೆಗಳು, ಊರಿನ ಏಳು ಸಾರ್ವಜನಿಕ ಸ್ನಾನಗೃಹಗಳೇ ಬಚ್ಚಲು. ಮೊದಲು ಕೇಳಿದಾಗ ಇದು ಯಾತ್ರಿಕರನ್ನು ಸೆಳೆಯಲು ಹೂಡಿದ ಚಮತ್ಕಾರದ ಮಾತೆಂದು ನನಗೆ ತೋರಿತ್ತು. ಇದರ ಹಿಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಒಂದು ಜಗಳವಿದೆಯೆಂದು ಆಮೇಲೆ ತಿಳಿಯಿತು. ಆ ಕಥೆಗೆ ಮುಂದೆ ಬರುತ್ತೇನೆ.

ನೀವು ವಸತಿಗೃಹವನ್ನು ತಲುಪಿದೊಡನೆ ಬೂಟು ಬಾಗಿಲಲ್ಲೇ ಉಳಿಯುತ್ತದೆ. ನಿಮ್ಮ ಕೈಗೆ ಯುಕತ ಎಂಬ ಹತ್ತಿಯ ನಿಲುವಂಗಿ ಬರುತ್ತದೆ. ಅದನ್ನು ತೊಡುವಾಗ ಎಡಗಡೆಯ ಅಂಚು ಬಲಗಡೆಯದರ ಮೇಲೆ ಬರಬೇಕು. ಇದರಲ್ಲಿ ತಪ್ಪಬಾರದು, ಬಲ ಅಂಚನ್ನು ಮೇಲೆ ಮಾಡಿ ಉಡಿಸುವುದು ಸತ್ತವರಿಗೆ ಮಾತ್ರ. ಕಾಲಿಗೆ ಗೆತ ಎಂಬ ಮರದ ಹಾವುಗೆ. ಸಂಜೆಯಾಯಿತೆಂದರೆ ಈ ಉಡುಪಿನಲ್ಲೇ ಎಲ್ಲರೂ ಬೀದಿಗಿಳಿಯುತ್ತಾರೆ. ಮುದುಕರು, ಮಕ್ಕಳು, ಹೊಸದಾಗಿ ಮದುವೆಯಾದವರು, ಎಲ್ಲರದೂ ಒಂದೇ ವೇಷ. ಊರ ನಡುವೆ ಒತಾನಿ ಎಂಬ ಸಣ್ಣ ಹೊಳೆ. ಅದರ ಎರಡೂ ದಂಡೆಗೆ ಬಾಗಿದ ನೀರಂಜಿ ಮರಗಳು. ಅಲ್ಲಲ್ಲಿ ಕಮಾನಿನ ಕಲ್ಲುಸೇತುವೆ. ಆ ಸೇತುವೆಗಳ ಮೇಲೆ ಹಾವುಗೆಗಳ ಕಟಕಟ ಸದ್ದು ರಾತ್ರಿಯವರೆಗೆ ನಿಲ್ಲುವುದಿಲ್ಲ.

ಇನ್ನು ಸ್ನಾನದ ಕ್ರಮ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೋಣೆಗಳಿವೆ. ಬಾಗಿಲಿನ ಪರದೆಯನ್ನು ನೋಡಿಕೊಂಡು ಒಳಗೆ ಹೋಗಬೇಕು. ಒಳಗೆ ಮೈಮೇಲೆ ಒಂದು ಎಳೆಯೂ ಇರಕೂಡದು. ನಮ್ಮವರಿಗೆ ಕಷ್ಟವಾಗುವುದು ಇಲ್ಲಿಯೇ. ಮೊದಲ ದಿನ ನಾನೂ ಕೈವಸ್ತ್ರದಷ್ಟೇ ಇದ್ದ ಬಟ್ಟೆಯನ್ನು ಹಿಡಿದು ಗೋಡೆಗೆ ಒರಗಿ ನಿಂತವನೇ. ಆದರೆ ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಎರಡು ನಿಮಿಷ ಕಳೆಯುವಷ್ಟರಲ್ಲಿ ನಾಚಿಕೆಯ ನೆನಪೂ ಉಳಿಯುವುದಿಲ್ಲ. ತಗ್ಗಾದ ಮಣೆಯ ಮೇಲೆ ಕುಳಿತು, ಸೋಪು ಹಚ್ಚಿ, ಮೈಯನ್ನು ಚೆನ್ನಾಗಿ ತಿಕ್ಕಿ ತೊಳೆದುಕೊಂಡು ಆಮೇಲೆ ಕೊಳಕ್ಕಿಳಿಯಬೇಕು. ಕೊಳವಿರುವುದು ಮೈತೊಳೆಯುವುದಕ್ಕಲ್ಲ, ಸುಮ್ಮನೆ ಕೂರುವುದಕ್ಕೆ. ಸೋಪಿನ ನೊರೆಯಾಗಲಿ ಒರಸುವ ಬಟ್ಟೆಯಾಗಲಿ ಅದರ ನೀರಿಗೆ ತಾಗಬಾರದು. ಬಟ್ಟೆಯನ್ನು ಮಡಿಸಿ ತಲೆಯ ಮೇಲಿಟ್ಟುಕೊಳ್ಳುವುದು ವಾಡಿಕೆ.

ನೀರು ನಾವು ತಿಳಿದದ್ದಕ್ಕಿಂತ ಬಿಸಿ. ನಾಲಿಗೆಗೆ ತಾಗಿದರೆ ಉಪ್ಪು ಉಪ್ಪು. ಹತ್ತು ನಿಮಿಷಕ್ಕೆ ಎದ್ದು ತುಸು ಹೊತ್ತು ಹೊರಗೆ ಕುಳಿತುಕೊಳ್ಳುವುದು ಒಳ್ಳೆಯದು. ಊಟವಾದ ಕೂಡಲೆ ಇಳಿಯಬಾರದು. ಹೃದಯದ ತೊಂದರೆ, ರಕ್ತದ ಒತ್ತಡ ಇರುವವರು ವೈದ್ಯರನ್ನು ಕೇಳದೆ ಇಳಿಯಬಾರದು. ಏಳು ಸ್ನಾನವನ್ನೂ ಒಂದೇ ಸಂಜೆಗೆ ಮುಗಿಸುತ್ತೇನೆಂದು ಹೊರಟವರು ಮೂರನೆಯದಕ್ಕೇ ತಲೆ ಸುತ್ತಿ ಕೂರುತ್ತಾರೆ.

ಈ ನೀರು ಹೇಗೆ ದೊರೆಯಿತು? ಊರಿನವರು ಎರಡು ಕಥೆ ಹೇಳುತ್ತಾರೆ. ಗಾಯಗೊಂಡ ಒಂದು ದೊಡ್ಡ ಕೊಕ್ಕರೆ ಜವುಗಿನಲ್ಲಿ ದಿನವೂ ಕಾಲಿಟ್ಟು ನಿಲ್ಲುತ್ತಿತ್ತಂತೆ. ಅದು ವಾಸಿಯಾಗಿ ಹಾರಿಹೋದ ಮೇಲೆ ಜನ ಹೋಗಿ ನೋಡಿದರೆ ಅಲ್ಲಿ ಬಿಸಿನೀರು ಉಕ್ಕುತ್ತಿತ್ತಂತೆ. ಅಲ್ಲಿರುವ ಸ್ನಾನಗೃಹಕ್ಕೆ ಆ ಹಕ್ಕಿಯ ಹೆಸರೇ ಇದೆ. ಇನ್ನೊಂದು ಕಥೆ ದೋಚಿ ಎಂಬ ಬೌದ್ಧ ಸನ್ಯಾಸಿಯದು. ರೋಗಿಗಳಿಗಾಗಿ ಆತ ಸಾವಿರ ದಿನ ಪ್ರಾರ್ಥನೆ ಮಾಡಿದನೆಂದೂ, 720ರಲ್ಲಿ ಬುಗ್ಗೆ ಚಿಮ್ಮಿತೆಂದೂ ಐತಿಹ್ಯ. ಆ ಸ್ಥಳದ ಸ್ನಾನಗೃಹದ ಹೆಸರು ಮಂದರ. ಇದು ನಮ್ಮ ‘ಮಂಡಲ’ವೇ, ಸಂಸ್ಕೃತದ ಮಾತು ಚೀನಾದ ದಾರಿ ಹಿಡಿದು ಈ ಕಡಲ ತಡಿಯ ಬಚ್ಚಲಿನ ಬಾಗಿಲಿಗೆ ಬಂದು ನಿಂತಿದೆ. ಹಿಂದಿನ ಬೆಟ್ಟದ ಮೇಲೆ ಆ ಸನ್ಯಾಸಿಯ ಗುಡಿಯಿದೆ. ಗುಡಿಯ ದೇವರು ಹನ್ನೊಂದು ಮುಖದ ಅವಲೋಕಿತೇಶ್ವರ. ಮಂಗಳೂರಿನ ಕದ್ರಿಯಲ್ಲಿ 968ನೆಯ ಇಸವಿಯ ಲೋಕೇಶ್ವರನ ಕಂಚಿನ ವಿಗ್ರಹವನ್ನು ನೋಡಿದವರಿಗೆ ಈ ದೇವರು ಅಪರಿಚಿತನಲ್ಲ. ಹಿಂದೆ ಊರಿಗೆ ಬಂದವರು ಮೊದಲು ಈ ಗುಡಿಗೆ ಹೋಗಿ, ಸ್ನಾನದ ಕ್ರಮವನ್ನು ತಿಳಿದು, ನೀರು ಮೊಗೆಯುವ ಒಂದು ಸೌಟನ್ನು ಪಡೆದ ಮೇಲೆಯೇ ಕೊಳಕ್ಕಿಳಿಯಬೇಕಾಗಿತ್ತು. ಅಂದರೆ ನೀರಿಗೆ ಇಳಿಯುವುದಕ್ಕೂ ಒಂದು ಅಪ್ಪಣೆ ಬೇಕಾಗಿತ್ತು.

ಈಗ ಆ ಜಗಳದ ಕಥೆ. ಅದಕ್ಕೆ ಮೊದಲು ಒಂದು ಅನಾಹುತವನ್ನು ಹೇಳಬೇಕು. 1925ನೆಯ ಇಸವಿ ಮೇ 23. ಬೆಳಗಿನ ಹನ್ನೊಂದು ಗಂಟೆ ಹೊಡೆದಿತ್ತು. ಮಧ್ಯಾಹ್ನದ ಅಡಿಗೆಗೆ ಮನೆಮನೆಯಲ್ಲೂ ಒಲೆ ಉರಿಯುತ್ತಿತ್ತು. ಭೂಮಿ ನಡುಗಿತು. ಉರುಳಿದ ಮರದ ಮನೆಗಳಿಗೆ ಆ ಒಲೆಗಳ ಬೆಂಕಿಯೇ ತಗಲಿತು. ಊರು ಬಹುಮಟ್ಟಿಗೆ ಬೂದಿಯಾಯಿತು. ಸುತ್ತಿನ ಸೀಮೆಯಲ್ಲೆಲ್ಲ ಸೇರಿ ನಾನೂರಕ್ಕಿಂತ ಹೆಚ್ಚು ಜನ ಸತ್ತರು.

ಉಳಿದವರು ಊರನ್ನು ಮತ್ತೆ ಕಟ್ಟಿದರು. ರಸ್ತೆ ಅಗಲವಾಗಬೇಕೆಂದು ಪ್ರತಿಯೊಬ್ಬರೂ ತಮ್ಮ ನೆಲದಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟರು. ಬೆಂಕಿ ಹರಡದಂತೆ ನಡುನಡುವೆ ಕಾಂಕ್ರೀಟಿನ ಕಟ್ಟಡಗಳನ್ನಿಟ್ಟರು. ಉಳಿದದ್ದನ್ನು ಹಳೆಯ ರೀತಿಯಲ್ಲಿ ಮರದಲ್ಲೇ ಕಟ್ಟಿದರು. ಇಂದು ನಾವು ನೋಡಿ ‘ಎಷ್ಟು ಹಳೆಯ ಊರು’ ಎನ್ನುವ ಮೂರಂತಸ್ತಿನ ಮರದ ಮನೆಗಳಲ್ಲಿ ಹೆಚ್ಚಿನವು ಆ ಸುಡುಗಾಡಿನ ಮೇಲೆ ಎದ್ದವು.

ಇಷ್ಟು ಒಗ್ಗಟ್ಟು ತೋರಿದ ಊರೇ ಎರಡು ವರ್ಷಗಳಲ್ಲಿ ಒಡೆಯಿತು. ಅದುವರೆಗೆ ಯಾವ ವಸತಿಗೃಹದೊಳಗೂ ಬಿಸಿನೀರಿನ ಕೊಳವಿರಲಿಲ್ಲ. ಯಾರ ಮನೆಯಲ್ಲಿ ಇಳಿದುಕೊಂಡ ಯಾತ್ರಿಕನಾದರೂ ಸ್ನಾನಕ್ಕೆ ಬೀದಿಗೆ ಬರಲೇಬೇಕಾಗಿತ್ತು. 1927ರಲ್ಲಿ ಒಂದು ವಸತಿಗೃಹದವರು ತಮ್ಮ ಹಿತ್ತಿಲಲ್ಲಿ ದೊರೆತ ಬಿಸಿನೀರಿನಿಂದ ಒಳಗೇ ಕೊಳ ಕಟ್ಟಿದರು. ‘ನಮ್ಮ ನೆಲ, ನಮ್ಮ ನೀರು’ ಎಂಬುದು ಅವರ ವಾದ. ‘ನೆಲ ನಿಮ್ಮದಿರಬಹುದು, ನೆಲದಡಿಯ ನೀರು ಊರಿನದು, ಇಂದು ನೀವು ತೋಡಿದರೆ ನಾಳೆ ಎಲ್ಲರೂ ತೋಡುತ್ತಾರೆ, ಸಾರ್ವಜನಿಕ ಕೊಳಗಳು ಬತ್ತುತ್ತವೆ’ ಎಂಬುದು ಊರಿನವರ ವಾದ. ಇದು ನ್ಯಾಯಾಲಯಕ್ಕೆ ಹೋಯಿತು. ನಡುವೆ ಮಹಾಯುದ್ಧ ಬಂದು ಹೋಯಿತು. ವ್ಯಾಜ್ಯ ಮಾತ್ರ ಹಾಗೆಯೇ ಇತ್ತು.

ಇಬ್ಬರ ಮಾತಿನಲ್ಲೂ ಹುರುಳಿತ್ತೆಂಬುದನ್ನು ತಾವು ಒಪ್ಪುತ್ತೀರಿ. ಬಾವಿ ತೋಡಿದವನ ಹಕ್ಕೂ ನಮಗೆ ಗೊತ್ತು, ಪಕ್ಕದ ಬಾವಿ ಬತ್ತಿದವನ ಸಂಕಟವೂ ಗೊತ್ತು. ಕೊಳವೆ ಬಾವಿಗಳ ಈ ಕಾಲದಲ್ಲಿ ಈ ಕಥೆಯನ್ನು ದೂರದ ಕಥೆಯೆನ್ನುವ ಧೈರ್ಯ ನನಗಿಲ್ಲ.

ಕೊನೆಗೆ 1950ರಲ್ಲಿ ರಾಜಿಯಾಯಿತು. ಬಿಸಿನೀರಿನ ಒಡೆತನ ಊರಿನ ಸಮಸ್ತರದು. ವಸತಿಗೃಹಗಳು ಒಳಗೆ ಕೊಳ ಇಟ್ಟುಕೊಳ್ಳಬಹುದು. ಆದರೆ ಅದರ ಅಳತೆ ಮನೆಯ ಗಾತ್ರಕ್ಕೆ ತಕ್ಕಂತೆ ಚಿಕ್ಕದಾಗಿರಬೇಕು. ಬೀದಿಯ ಸ್ನಾನವೇ ಮೊದಲು, ಮನೆಯ ಸ್ನಾನ ಆಮೇಲೆ. ಮುಂದೆ 1972ರಿಂದ ಬುಗ್ಗೆಗಳ ನೀರನ್ನೆಲ್ಲ ಒಂದೆಡೆಗೆ ಕೂಡಿಸಿ, ಹದವಾದ ಬಿಸಿಗೆ ತಂದು, ಕೊಳವೆಗಳ ಮೂಲಕ ಊರಿಗೆಲ್ಲ ಹಂಚುವ ಏರ್ಪಾಟಾಯಿತು. ‘ಊರೆಲ್ಲ ಒಂದೇ ಛತ್ರ’ ಎಂಬ ಮಾತಿನ ಅರ್ಥ ಇದು. ಒಳಗಿನ ಕೊಳ ಚಿಕ್ಕದಾದ್ದರಿಂದ ಅತಿಥಿ ಹೊರಗೆ ಬರುತ್ತಾನೆ. ಅತಿಥಿ ಹೊರಗೆ ಬರುವುದರಿಂದ ಹಾವುಗೆಯಂಗಡಿ, ತಿಂಡಿಯಂಗಡಿ, ಬೊಂಬೆಯಂಗಡಿ ಎಲ್ಲವೂ ಬದುಕುತ್ತವೆ. ಬೇರೆ ಎಷ್ಟೋ ಬಿಸಿನೀರಿನ ಊರುಗಳಲ್ಲಿ ದೊಡ್ಡ ಹೋಟೆಲುಗಳು ಎಲ್ಲವನ್ನೂ ತಮ್ಮ ಗೋಡೆಯೊಳಗೆ ಇಟ್ಟುಕೊಂಡು, ಬೀದಿಗಳು ಬಣಗುಟ್ಟಿದವು. ಇಲ್ಲಿ ಬೀದಿ ಉಳಿಯಿತು.

ಆ ಕೊಕ್ಕರೆಯ ಗತಿಯೂ ಇಂಥದೇ. ಕಿನೊಸಾಕಿ ಈಗ ಸೇರಿರುವ ತೊಯೊಓಕಾ ಪಟ್ಟಣದ ಗದ್ದೆಬಯಲು ಆ ಹಕ್ಕಿಗಳ ಕೊನೆಯ ನೆಲೆಯಾಗಿತ್ತು. ಬೇಟೆ, ಜವುಗುನೆಲದ ನಾಶ, ಗದ್ದೆಗೆ ಸುರಿದ ಔಷಧಿ, ಇವುಗಳಿಂದ 1971ರಲ್ಲಿ ಕಾಡಿನ ಕೊನೆಯ ಹಕ್ಕಿಯೂ ಹೋಯಿತು. 1985ರಲ್ಲಿ ರಷ್ಯಾದ ಖಬರೋವ್‌ಸ್ಕ್‌ನಿಂದ ಆರು ಮರಿಗಳನ್ನು ತಂದು ಸಾಕಿದರು. 1989ರಲ್ಲಿ ಅವು ಮರಿ ಮಾಡಿದವು. 2005ರಲ್ಲಿ ಮತ್ತೆ ಆಕಾಶಕ್ಕೆ ಬಿಟ್ಟರು. ಹಕ್ಕಿಗೆ ಕಪ್ಪೆ ಮೀನು ಸಿಗಬೇಕೆಂದು ರೈತರು ಔಷಧಿಯನ್ನು ಬಿಟ್ಟು ಅಥವಾ ಕಡಿಮೆ ಮಾಡಿ ಬತ್ತ ಬೆಳೆಯುತ್ತಿದ್ದಾರೆ. ಈಗ ರೈಲಿನ ಕಿಟಕಿಯಿಂದ ಗದ್ದೆಯಲ್ಲಿ ಬಿಳಿಯ ಮೈ, ಕಪ್ಪು ರೆಕ್ಕೆಯಂಚಿನ ಹಕ್ಕಿ ಕಂಡರೆ ಅದು ಕಥೆಯ ಹಕ್ಕಿಯೇ ಎಂದು ತಿಳಿಯಿರಿ.

ಹತ್ತಿರದಲ್ಲಿ ನೋಡತಕ್ಕದ್ದು ಇನ್ನೂ ಇದೆ. ನದಿಯ ಆಚೆ ದಡದಲ್ಲಿ ಗೆನ್‌ಬುದೋ ಎಂಬ ಕಲ್ಲಿನ ಗವಿ. ಸುಮಾರು ಹದಿನಾರು ಲಕ್ಷ ವರ್ಷಗಳ ಹಿಂದಿನ ಲಾವಾ ತಣಿಯುತ್ತ ಕಂಬ ಕಂಬಗಳಾಗಿ ಸೀಳಿ ನಿಂತಿದೆ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಕ್ಕೆ ದೋಣಿಯಲ್ಲಿ ಹೋಗಿಬಂದವರಿಗೆ ಇಂಥ ಕಂಬಗಳ ಪರಿಚಯವುಂಟು. 1926ರಲ್ಲಿ ಮತುಯಾಮಾ ಮೊತೊನೊರಿ ಎಂಬ ವಿಜ್ಞಾನಿ ಈ ಗವಿಯ ಕಲ್ಲಿನ ಅಯಸ್ಕಾಂತ ಗುಣ ಇಂದಿನ ಭೂಮಿಯದಕ್ಕೆ ಹಿಂದುಮುಂದಾಗಿರುವುದನ್ನು ಕಂಡರು. ಭೂಮಿಯ ಉತ್ತರ ದಕ್ಷಿಣ ಧ್ರುವಗಳ ಅಯಸ್ಕಾಂತ ಹಿಂದೊಮ್ಮೆ ಅದಲುಬದಲಾಗಿತ್ತೆಂಬ ಅವರ ಮಾತನ್ನು ಲೋಕ ಒಪ್ಪಲು ದಶಕಗಳೇ ಹಿಡಿದವು. ನದಿ ಕಡಲನ್ನು ಸೇರುವೆಡೆ ತ್ಸುಯಿಯಾಮಾ ಎಂಬ ಮೀನುಗಾರರ ಬಂದರು. ನವೆಂಬರಿನಿಂದ ಮಾರ್ಚಿಯವರೆಗೆ ಅಲ್ಲಿ ಏಡಿಯ ಸುಗ್ಗಿ. ಆಗ ಊರೂ ಭರ್ತಿ, ಬೆಲೆಯೂ ಏರು. ಸಸ್ಯಾಹಾರಿಗಳು ಒಂದನ್ನು ನೆನಪಿಡಬೇಕು. ತರಕಾರಿಯ ಸಾರೆಂದು ಕೊಟ್ಟದ್ದರಲ್ಲೂ ಮೀನಿನ ಕಷಾಯವಿರುವುದು ಸಾಮಾನ್ಯ. ಕೋಣೆ ಗೊತ್ತುಮಾಡುವಾಗಲೇ ತಿಳಿಸಿದರೆ ಅನ್ನ, ಸೋಯಾ ಗಿಣ್ಣು, ಉಪ್ಪಿನ ಕಾಯಿಪಲ್ಯಗಳಿಗೆ ಕೊರತೆಯಾಗದು.

ಕಡೆಯದಾಗಿ ಒಬ್ಬ ಅತಿಥಿಯ ಮಾತು. ಶಿಗಾ ನಾವೊಯಾ ಎಂಬ ಕಥೆಗಾರರು 1913ರಲ್ಲಿ ಟೋಕಿಯೋದಲ್ಲಿ ರೈಲು ಬಡಿದು ಪೆಟ್ಟಾಗಿ, ಗುಣವಾಗಲೆಂದು ಇಲ್ಲಿಗೆ ಬಂದು ಸುಮಾರು ಮೂರು ವಾರ ಉಳಿದರು. 1917ರಲ್ಲಿ ಅವರು ಬರೆದ ಸಣ್ಣ ಕಥೆಗೆ ಊರಿನದೇ ಹೆಸರು. ಅದರಲ್ಲಿ ಸ್ನಾನದ ವರ್ಣನೆಯನ್ನು ಹುಡುಕಿದರೆ ನಿರಾಶೆ. ಸತ್ತ ಒಂದು ಜೇನುಹುಳ, ಸಾಯಲೊಲ್ಲದೆ ಒದ್ದಾಡುವ ಒಂದು ಇಲಿ, ತಾನು ಎಸೆದ ಕಲ್ಲಿಗೆ ಅಕಸ್ಮಾತ್ತಾಗಿ ಸತ್ತ ಒಂದು ನೀರಹಲ್ಲಿ, ಇಷ್ಟನ್ನೇ ನೋಡುತ್ತ ತಾನು ಬದುಕಿ ಉಳಿದದ್ದೇಕೆಂದು ಯೋಚಿಸುತ್ತಾರೆ. ಆ ಕಥೆ ಅಚ್ಚಾದ ಎಂಟು ವರ್ಷಕ್ಕೆ ಭೂಕಂಪವಾಯಿತು. ಅವರು ನಡೆದಾಡಿದ ಊರು ಇಂದಿನದಲ್ಲ. ನೀರು ಮಾತ್ರ ಅದೇ.

ನಮ್ಮ ಪುತ್ತೂರು ತಾಲೂಕಿನ ಇರ್ದೆಯಲ್ಲಿಯೂ ಬೆಂದ್ರ್ ತೀರ್ಥವೆಂಬ ಬಿಸಿನೀರಿನ ಬುಗ್ಗೆಯಿದೆ. ನಮ್ಮಲ್ಲೂ ಊರಿಗೊಂದು ಕೆರೆ, ಗುಡಿಗೊಂದು ಪುಷ್ಕರಣಿ ಇತ್ತು. ಅದಕ್ಕಿಳಿಯುವ ಮುನ್ನ ಕಾಲು ತೊಳೆಯಬೇಕೆಂಬ ಕಟ್ಟಳೆಯೂ ಇತ್ತು. ಕಿನೊಸಾಕಿಯಲ್ಲಿ ಒಂದು ರಾತ್ರಿ, ಪಕ್ಕದಲ್ಲಿ ಕೊರಳವರೆಗೆ ಮುಳುಗಿ ಕುಳಿತಿದ್ದ ಮುದುಕರೊಬ್ಬರು ಎದ್ದು ಹೋಗುವಾಗ, ತಾವು ಕುಳಿತು ಮೈ ತೊಳೆದಿದ್ದ ಮಣೆಗೆ ಎರಡು ತಂಬಿಗೆ ನೀರು ಹುಯ್ದು, ತೊಳೆದು, ಬೋರಲಾಗಿಟ್ಟು ಹೋದರು. ಮುಂದೆ ಬರುವವನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ತಾವು ಎಂದಾದರೂ ಅಲ್ಲಿಗೆ ಹೋದರೆ, ಏಳುವಾಗ ಆ ಮಣೆಯನ್ನು ತೊಳೆದಿಟ್ಟು ಬನ್ನಿ. ಹೋಗಲಾಗದಿದ್ದರೂ ಚಿಂತೆಯಿಲ್ಲ. ಮಣೆ ನಮ್ಮಲ್ಲಿಯೂ ಇದೆ.